ನಾನೇ ಬರೆದ ಗೆಲುವು

ಷೇರು ವ್ಯಾಪಾರ ಕಲಿಸುವ ಮೊಬೈಲ್ ಆಟಕ್ಕೆ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಹುಕ್ಕೇರಿ ಬಸ್ಸಿನಲ್ಲಿ ಬಾಜೂ ಕೂತಿದ್ದ ಮಸಗುಪ್ಪಿಯ ಕುರಿ ಸಾಕುವ ಕಾಕಾ ನನ್ನ ಮೊಬೈಲಿನಲ್ಲಿ ಆ ಆಟ ಕಂಡು ಆಡಿ ನೋಡುತ್ತೇನೆಂದರು, ಕೊಟ್ಟೆ. ಐದು ಸಲ ಆಡಿ ಐದೂ ಸಲ ಗೆದ್ದರು.

"ಇಷ್ಟು ಸಲೀಸೇನ್ರಿ? ಇಪ್ಪತ್ತು ಕುರಿ ಮಾರಿ ಖರೆ ಷೇರಿಗೇ ಹಾಕತೇನಿ!"

ಗಾಬರಿಯಾಗಿ ಬಾಯಿಬಿಟ್ಟೆ: "ಬ್ಯಾಡ್ರಿ ಕಾಕಾ. ಮೊದಲ ಐದು ಸಲ ಯಾರ ಆಡಿದ್ರೂ ಗೆಲ್ಲೂ ಹಂಗ ನಾನ ಬರದೇನ್ರಿ."

"ಯಾಕ್ರಿ?"

"ಆಡವ್ರು ಬಿಟ್ಟು ಹೋಗಬಾರದಂತ."

ಕಾಕಾ ಮೊಬೈಲ್ ವಾಪಸ್ ಕೊಟ್ಟರು. "ಕುರಿ ಸಂತ್ಯಾಗ ಹಿಂಗ ಮಾಡಿದವನ ಕೂಡ ನಾವು ಮತ್ತ ವ್ಯಾಪಾರ ಮಾಡೂದಿಲ್ರಿ, ಸಾಹೇಬ್ರ."

ಇಳಿಯುವವರೆಗೂ ಅವರ ಮುಖ ನೋಡಲಾಗಲಿಲ್ಲ.

ಕೈಕೆಳಗಿನವರ ಒಂದು ತಪ್ಪನ್ನೂ ಸಹಿಸದ ನಾನು, ಮನೆಗೆ ಬಂದು ಪ್ರೋಗ್ರಾಂನಲ್ಲಿದ್ದ ಆ ಐದನ್ನು ತಿದ್ದಿದೆ. ಸೊನ್ನೆ ಮಾಡುವ ಧೈರ್ಯ ಬರಲಿಲ್ಲ, ಎರಡು ಮಾಡಿದೆ.