ಉರಿಯದ ಸುಟ್ಟಗಾಯ

ಮುಲಾಮಣ್ಣ ಮಂಗಳವಾರ ಬೆಳಗಿನ ಜಾವ ತೀರಿಕೊಂಡ. ಎರಡನೆಯ ಸಲದ ಹೃದಯಾಘಾತ.

ಅವನು ಔಷಧಿ ಕಾರ್ಖಾನೆಯ ಫ್ಲೋರಿನ್ ವಿಭಾಗದಲ್ಲಿ ದುಡಿದವನು. ಅಲ್ಲಿನ ಆಮ್ಲ ಗಾಜನ್ನೂ ತಿನ್ನುತ್ತದೆ. ಅದರ ಹಬೆಗೆ ಕಿಟಕಿಗಳೆಲ್ಲ ಪೊರೆ ಬಂದ ಕಣ್ಣಿನಂತಾಗಿದ್ದವು.

ತಂಗಿಯ ಗಂಡನೂ ಅದೇ ಪಾಳಿಯಲ್ಲಿದ್ದ. ಒಂದು ಮಧ್ಯಾಹ್ನ ಕೊಳವೆಯ ಜೋಡಣೆ ಸಡಿಲಗೊಂಡು ಆಮ್ಲ ಅವನ ತೊಡೆಗೆ ಚಿಮ್ಮಿತು.

"ಉರೀನೇ ಇಲ್ಲ ಭಾವ, ನೀರು ಬಿದ್ದ ಹಾಗಿದೆ. ಸುಮ್ನೆ ರಂಪ ಮಾಡ್ಬೇಡ," ಎಂದವನು ತೊಳೆದುಕೊಂಡು, ಪ್ಯಾಂಟು ಬದಲಿಸಿ, ಸೈಕಲ್ ಹತ್ತಿ ಮನೆಗೆ ಹೋದ. ಮುಲಾಮಣ್ಣನೂ ನಂಬಿದ. ಆ ಆಮ್ಲದ ಗುಣವೇ ಅದು: ಮೊದಲು ಒಳಗಿಳಿಯುತ್ತದೆ, ಆಮೇಲೆ ನೋಯುತ್ತದೆ. ನೋವು ಬರುವಷ್ಟರಲ್ಲಿ ರಕ್ತದ ಸುಣ್ಣದಂಶ ಹೀರಿ, ಹೃದಯದ ಲಯ ತಪ್ಪಿಸಿಬಿಟ್ಟಿತ್ತು. ಬೆಳಗಾಗುವಷ್ಟರಲ್ಲಿ ಅವನಿರಲಿಲ್ಲ.

ಅಂದಿನಿಂದ ಪಾಳಿ ಮುಗಿದಾಗ ಇವನು, ಆ ಆಮ್ಲ ಒಳಗಿಳಿಯದಂತೆ ತಡೆಯುವ ಕ್ಯಾಲ್ಸಿಯಂ ಮುಲಾಮಿನ ಟ್ಯೂಬು ಹಿಡಿದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದ. ನೋವಿದೆಯೇ ಎಂದು ಕೇಳುತ್ತಿರಲಿಲ್ಲ. ಎಲ್ಲರ ಕೈಗೂ ಹಚ್ಚಿಯೇ ಬಿಡುತ್ತಿದ್ದ.

"ನನ್ನ ಹೆಂಡ್ತಿನೂ ಇಷ್ಟು ಮುದ್ದಾಗಿ ಕೈ ಹಿಡಿದಿಲ್ಲ ಕಣಪ್ಪ," ಎಂದು ಬಾಯ್ಲರಿನವನು ಛೇಡಿಸುತ್ತಿದ್ದ.

"ಹಿಡಿಯೋ ಹಂಗಿದ್ರೆ ತಾನೆ. ಆ ಕೈನೂ ಕೊಡು."

ಹೆಸರು ಬಿದ್ದದ್ದೇ ಹಾಗೆ. ನಕ್ಕವರು ಹೋದ ಮೇಲೆ, ಮಸುಕು ಕಿಟಕಿಯ ಆಚೆ ಯಾರೋ ಪ್ಯಾಂಟು ಬದಲಿಸುತ್ತಿರುವುದು ಅವನೊಬ್ಬನಿಗೇ ಕಾಣುತ್ತಿತ್ತು.

ನಿವೃತ್ತನಾದ ಮೇಲೆ ಎದೆ ಹಿಡಿದುಕೊಂಡು ಬಿದ್ದ. ಡಾಕ್ಟರು ಬರೆದ ಮಾತ್ರೆಗೆ ಫ್ಲೋರಿನ್ ಸೇರುತ್ತಿದ್ದದ್ದು ಅವನದೇ ವಿಭಾಗದಲ್ಲಿ.

"ಇದರೊಳಗೆ ಅದನ್ನ ಕಟ್ಟಿ ಹಾಕಿದ ಹಾಗೆ. ಬಿಚ್ಚಿಕೊಂಡು ಬರಲ್ಲ," ಎಂದರು ಡಾಕ್ಟರು.

"ಗೊತ್ತು ಸಾರ್," ಎಂದು ತಲೆಯಾಡಿಸಿ ಬಂದ. ಗೊತ್ತಿದ್ದೂ ನುಂಗಲಾಗಲಿಲ್ಲ. ಮಾತ್ರೆ ತುಟಿಗೆ ತಂದಾಗಲೆಲ್ಲ ಕಿವಿಯ ಹತ್ತಿರ ಅದೇ ದನಿ: ಉರೀನೇ ಇಲ್ಲ ಭಾವ.

ಸೋಮವಾರ ಸಂಜೆ ತಂಗಿ ಬಂದಳು. ಗೂಡಿನಲ್ಲಿ ಒಡೆಯದೆ ಬಿದ್ದಿದ್ದ ಮಾತ್ರೆಯ ಪಟ್ಟಿಗಳನ್ನು ಕಂಡು, ಒಂದನ್ನು ಒಡೆದು ಅವನ ಮುಂದೆ ಕೂತಳು.

"ಅವರನ್ನಂತೂ ಕಳ್ಕೊಂಡೆ. ಈಗ ಅವರ ಹೆಸರು ಹೇಳ್ಕೊಂಡು ನೀನೂ ಹೊರಟ್ಯಾ? ಬಾಯಿ ತೆಗಿ ಅಣ್ಣ."

"ನಿಂಗೆ ಅರ್ಥ ಆಗಲ್ಲ ಕಣೆ."

"ಆಗೋದು ಬೇಡ. ಬಾಯಿ ತೆಗಿ."

ಅವನು ಬಾಯಿ ತೆರೆದ. ನೀರು ಕುಡಿದು ನುಂಗಿದ. ಹೊತ್ತು ಮೀರಿದೆ ಎಂಬುದು ಆಗ ಇಬ್ಬರಿಗೂ ಗೊತ್ತಿರಲಿಲ್ಲ. ಆಮೇಲೆ ದಿಂಬಿನ ಕೆಳಗಿನಿಂದ ಟ್ಯೂಬು ತೆಗೆದು, ಮಾತ್ರೆ ಹಿಡಿದಿದ್ದ ಅವಳ ಎರಡು ಬೆರಳಿಗೂ, ಉಗುರಿನ ಸಂದಿಯನ್ನೂ ಬಿಡದೆ, ಮುಲಾಮು ಹಚ್ಚಿದ.