ಸಿಮೆಂಟು ನೆಲದ ಕಿನ್ನಿಗಳಿಗೆ ನೀಲಕ್ಕನ ಗಂಜಿ

ಸಿದ್ಧಕಟ್ಟೆಯ ಗುಡ್ಡದ ಬದಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಂದಿ ಫಾರ್ಮಿನ ಶೆಡ್ಡಿನಲ್ಲಿ ನೀಲಾವತಿ ಕುಕ್ಕರುಗಾಲಿನಲ್ಲಿ ಕುಳಿತು ಬೆಚ್ಚಗಿನ ನೀರಿಗೆ ಜೋಳದ ಹುಡಿ, ಸೋಯಾ ಹಿಂಡಿ, ಮೀನಿನ ಹುಡಿ ಸುರಿದು ಕೈಯಲ್ಲೇ ಕಲಸುತ್ತಿದ್ದಾರೆ. ಖನಿಜ ಮಿಶ್ರಣ ಮಾತ್ರ ಅಳತೆಯ ಚಮಚದಲ್ಲಿ. ನಿನ್ನೆಯಷ್ಟೇ ತಾಯಿಯಿಂದ ಬೇರೆಯಾದ ಮರಿಗಳು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದುಕೊಂಡು ಕಿರುಚುತ್ತಿವೆ.

"ಬನ್ನಿ ಕಿನ್ನಿಗಳೇ, ಅಮ್ಮ ಆಚೆಯೇ ಉಂಟು, ಎಲ್ಲಿಗೂ ಹೋಗ್ಲಿಲ್ಲ." ತುಳುವಿನಲ್ಲಿ ಕಿನ್ನಿ ಎಂದರೆ ಮರಿ. ಒಂದೂ ತಟ್ಟೆಯ ಕಡೆ ಸುಳಿಯುವುದಿಲ್ಲ.

ಹಾಲು ಬಿಟ್ಟ ಹೊಸತರಲ್ಲಿ ತಿನ್ನದೆ ಹೋದರೆ, ಹೊಟ್ಟೆ ಕೆಟ್ಟರೆ, ಮರಿ ಉಳಿಯುವುದು ಕಷ್ಟ. ಇವು ಉಳಿಯದಿದ್ದರೆ ತಾಯಿ ಹಂದಿಗಳನ್ನೆಲ್ಲ ಮಾರಿ ಫಾರ್ಮ್ ಮುಚ್ಚುವುದೆಂದು ಮಾಲೀಕ ಚಿದಾನಂದ ಹೇಳಿಯಾಗಿದೆ.

ಅವರನ್ನು ದೂರುವಂತಿಲ್ಲ. ಕಳೆದ ಮಳೆಗಾಲದಲ್ಲಿ ಹುಟ್ಟಿದ ಮರಿಗಳು ಒಂದೊಂದೇ ಬಿಳಿಚಿಕೊಂಡು ಸತ್ತವು. ನರಿಕೊಂಬಿನ ಹಿತ್ತಿಲಲ್ಲಿ ಅತ್ತೆಯ ಜೊತೆ ಹಂದಿ ಸಾಕಿದ್ದ ನೀಲಾವತಿಗೆ ಅಂಥ ಕಾಯಿಲೆ ಗೊತ್ತೇ ಇರಲಿಲ್ಲ. ಇಲ್ಲಿ ಹೊಸ ಸಿಮೆಂಟು ನೆಲ. ಎಲೆ ಹಾಕಿ ಊಟಕ್ಕೆ ಕೂರಬಹುದು ಎನ್ನುವಷ್ಟು ಚೊಕ್ಕಟವಾಗಿ ಅದನ್ನು ತಿಕ್ಕಿ ತೊಳೆಯುತ್ತಿದ್ದರು. ತಾಯಿಯ ಹಾಲಿನಲ್ಲಿರುವ ಕಬ್ಬಿಣದ ಅಂಶ ಮರಿಗೆ ಸಾಲದು, ಹಿತ್ತಿಲಲ್ಲಾದರೆ ಕೆಂಪು ಮಣ್ಣು ಕೆದಕಿ ಒಂದಿಷ್ಟು ಪಡೆಯುತ್ತದೆ, ಸಿಮೆಂಟಿನ ಮೇಲೆ ಇಂಜೆಕ್ಷನ್ನೇ ಗತಿ ಎಂದು ಪಶುವೈದ್ಯರು ಹೇಳಿದ್ದು ಆಮೇಲೆ.

"ಡಾಕ್ಟ್ರು ಬೈಯಲಿಲ್ಲ. ಬೈದಿದ್ದರೆ ಸಮಾಧಾನ ಆಗ್ತಿತ್ತು. ನಾನು ಮಣ್ಣಿನ ಒಂದು ಕಣವನ್ನೂ ಬಿಡದೆ ತೊಳೆದವಳಲ್ವಾ?" ಎನ್ನುತ್ತಾ ನೀಲಾವತಿ ಗಂಜಿಯ ಗಂಟುಗಳನ್ನು ಬೆರಳಲ್ಲಿ ಒಡೆಯುತ್ತಾರೆ. ಫಾರ್ಮ್ ಮುಚ್ಚುವ ಮಾತು ಬಂದಾಗ ಅಡ್ಡ ನಿಂತವರೂ ಅವರೇ. "ಇನ್ನೊಂದು ಹೆರಿಗೆ ನೋಡುವ ಚಿದಾನಂದಣ್ಣ. ಇದೂ ಹೋದರೆ ನಾನೇ ಗೇಟು ಹಾಕಿ ಹೋಗ್ತೇನೆ" ಎಂದಿದ್ದರಂತೆ.

ಈ ಸಲ ಹುಟ್ಟಿದ ವಾರದೊಳಗೇ ಕಬ್ಬಿಣದ ಇಂಜೆಕ್ಷನ್ ಆಗಿದೆ. ಹಾಲು ಕುಡಿಯುವಾಗಲೇ ಚಿಟಿಕೆ ಚಿಟಿಕೆ ಹುಡಿ ತೋರಿಸಿ ರುಚಿ ಹತ್ತಿಸಿದ್ದಾರೆ. ಮೂಲೆಯಲ್ಲೊಂದು ಬುಟ್ಟಿ ಕೆಂಪು ಮಣ್ಣೂ ಉಂಟು. ರೋಗ ತಗಲದಂತೆ ಹಂದಿ ಓಡಾಡದ ಜಾಗದಿಂದ ಆಳಕ್ಕೆ ಅಗೆದು ತನ್ನಿ ಎಂದು ವೈದ್ಯರೇ ಹೇಳಿಕೊಟ್ಟರಂತೆ.

ಮೂಡುಬಿದಿರೆಯ ಬಸ್ಸಿನಲ್ಲಿ ನೀಲಾವತಿಯ ಪಕ್ಕ ಕುಳಿತವರು ಮೂಗು ಹಿಡಿದು ಏಳುವುದುಂಟು. ಹಂದಿಗೆ ತುಳುವಿನಲ್ಲಿ ಪಂಜಿ. ಊರವರ ಬಾಯಲ್ಲಿ ಇವರು 'ಪಂಜಿದ ನೀಲಕ್ಕ'. "ಮುಂಚೆ ಬೇಜಾರಾಗ್ತಿತ್ತು. ಈಗ ಕೈಕಾಲು ಚಾಚಿ ಕೂತ್ಕೊಳ್ತೇನೆ ಮಾರಾಯ್ರೆ, ಎರಡು ಸೀಟು ನನಗೇ!" ಎಂದು ನಗುತ್ತಾರೆ.

ನಗು ನಿಲ್ಲಿಸಿ ಬೆರಳನ್ನು ಗಂಜಿಗೆ ಅದ್ದಿ, ಎಲ್ಲಕ್ಕಿಂತ ಸಣ್ಣ ಮರಿಯ ಮೂತಿಗೆ ಹಿಡಿಯುತ್ತಾರೆ. ಅದು ಮೂಸುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ಬಂದು ನೆಕ್ಕುತ್ತದೆ. ಬೆರಳು ನಿಧಾನಕ್ಕೆ ತಟ್ಟೆಗಿಳಿಯುತ್ತದೆ; ಮರಿಯ ಮೂತಿಯೂ. ಅದರ ಚಪ್ಪರಿಕೆ ಕೇಳಿದ್ದೇ ತಡ, ಉಳಿದವು ನುಗ್ಗಿ ತಟ್ಟೆಯನ್ನೇ ಬುಡಮೇಲು ಮಾಡುತ್ತವೆ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಚಿದಾನಂದ ಫೋನ್ ತೆಗೆಯುತ್ತಾರೆ. "ನೀಲಕ್ಕ, ನಾಳೆ ತಾಯಿ ಹಂದಿಗಳ ವ್ಯಾಪಾರಕ್ಕೆ ಬರ್ತೇನೆ ಅಂದವರಿಗೆ ಬೇಡ ಅಂತ ಹೇಳ್ತೇನೆ."

ನೀಲಾವತಿ ಕಣ್ಣೊರೆಸಿಕೊಳ್ಳಲು ಹೋದರೆ ಕೈ ತುಂಬ ಗಂಜಿ. ಭುಜಕ್ಕೇ ಕೆನ್ನೆ ಉಜ್ಜಿಕೊಂಡು ಹೇಳುತ್ತಾರೆ: "ಹಾಗಾದರೆ ಒಂದು ಹೆಣ್ಣುಮರಿಯನ್ನು ಮಾರದೆ ಇಟ್ಟುಕೊಳ್ಳುವ. ಅದು ಇಲ್ಲಿಯೇ ಹೆರಬೇಕು. ಅದರ ಮಕ್ಕಳಿಗೂ ನಾನೇ ಗಂಜಿ ಕಲಸ್ತೇನೆ."