ಹತ್ತಿದ ಹೆಜ್ಜೆ, ಇಳಿದ ಹೆಜ್ಜೆ

ತಾತನ ಎಡಗಾಲಿನ ಹೆಬ್ಬೆರಳು ಉಳಿದ ಬೆರಳುಗಳಿಂದ ದೂರ ಸರಿದು, ಕೈಯ ಹೆಬ್ಬೆಟ್ಟಿನಂತೆ ಪಕ್ಕಕ್ಕೆ ನಿಂತಿತ್ತು. ಇಳಿಜಾರಿನಲ್ಲಿ ಒಣಹುಲ್ಲಿನ ಬುಡವನ್ನು ಅದರಿಂದಲೇ ಹಿಡಿದು ಇಳಿಯುತ್ತಿದ್ದರು. ಚಪ್ಪಲಿ ಕಂಕುಳಲ್ಲಿರುತ್ತಿತ್ತು.

ಯಸಳೂರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ ಹೋದರೆ ಸಿಗುವ ಆ ಗುಡ್ಡವನ್ನು ನಾನು ನಾಲ್ಕು ವರ್ಷಗಳಲ್ಲಿ ಹದಿನೇಳು ಸಲ ಹತ್ತಿದ್ದೇನೆ. ಅವರು ಅಲ್ಲಿ ಬೇಸಿಗೆಯ ಬೆಂಕಿ ಕಾವಲುಗಾರರು. ಎಲ್ಲರಿಗೂ ವಾಚರ್ ತಾತ. ಕಾಳ್ಗಿಚ್ಚು ದಾಟದಿರಲೆಂದು ಗುಡ್ಡದ ಬುಡದಲ್ಲಿ ಹುಲ್ಲು ಸುಟ್ಟು ಬೋಳು ಮಾಡಿದ ಪಟ್ಟಿಯೊಂದಿದೆ. ಅದು ಬೆಂಕಿಗೆರೆ. ಕಾಲುದಾರಿ ಅದನ್ನು ದಾಟುವಲ್ಲಿ ಅವರು ದಿನಾ ಬೆಳಿಗ್ಗೆ ಸೊಪ್ಪಿನ ಕೊಂಬೆಯಿಂದ ಬೂದಿಮಣ್ಣನ್ನು ನುಣ್ಣಗೆ ಗುಡಿಸುತ್ತಿದ್ದರು. ಚೊಕ್ಕಟದ ಮನುಷ್ಯ ಎಂದುಕೊಂಡಿದ್ದೆ.

ನನ್ನ ನೋಟ್‌ಬುಕ್ ಅವರಿಗೆ ತಮಾಷೆ. ದಿನಾಂಕ, ಹೊರಟ ಹೊತ್ತು, ಸಡಿಲ ಕಲ್ಲಿರುವ ಜಾಗ, ಒರತೆಯ ನೀರು, ಎಲ್ಲಕ್ಕೂ ಒಂದೊಂದು ಕಾಲಂ.

“ಏನವ್ವಾ, ಗುಡ್ಡಕ್ಕೂ ಹಾಜರಿ ಹಾಕ್ತೀಯ? ಇವತ್ತು ಬಂದೈತಾ?”

“ಬಂದಿದೆ ತಾತ, ಲೇಟಾಗಿ.”

“ಹಂಗಾದ್ರೆ ಬೆಂಚಿನ್ ಮೇಲೆ ನಿಲ್ಸು!”

ಎರಡು ವರ್ಷದ ಹಿಂದೆ, ಏಪ್ರಿಲ್‌ನ ಒಂದು ಭಾನುವಾರ, ಅಕ್ಕನನ್ನು ಮೊದಲ ಸಲ ಕರೆದುಕೊಂಡು ಹೋದೆ. ತಾತ ಕಾಣಲಿಲ್ಲ. ಹಿಂದಿನ ಎರಡು ವರ್ಷವೂ ಅದೇ ವಾರ ಮೇಲಿನ ಒರತೆಯಲ್ಲಿ ಮೊಣಕಾಲುದ್ದ ನೀರಿತ್ತೆಂದು ನಾನು ಬರೆದಿಟ್ಟಿದ್ದೆ. ಅದನ್ನೇ ನಂಬಿ ಒಬ್ಬೊಬ್ಬರಿಗೆ ಒಂದೇ ಬಾಟಲಿ ನೀರು ಒಯ್ದೆವು.

ಒರತೆಯಲ್ಲಿ ಬಿರಿದ ಕೆಸರಿತ್ತು. ಬಾಟಲಿಗಳು ಖಾಲಿ. ಅಕ್ಕ ಒಮ್ಮೆ ವಾಂತಿ ಮಾಡಿ, ಬಂಡೆಗೆ ಒರಗಿ, ನನ್ನ ಹೆಸರನ್ನೇ ತಪ್ಪಾಗಿ ಕರೆದಳು. ಒಂದು ಮರದ ನೆರಳಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಅವಳನ್ನು ಬಿಟ್ಟು ಇಳಿಯುವಂತಿಲ್ಲ, ಎತ್ತಿಕೊಂಡು ಇಳಿಯಲೂ ಆಗದು. ನನ್ನ ದುಪಟ್ಟಾ ಹಿಡಿದು ಅವಳ ಮುಖಕ್ಕೆ ನೆರಳು ಮಾಡಿಕೊಂಡು ನಿಂತೆ.

ಹನ್ನೆರಡೂ ಮುಕ್ಕಾಲಿಗೆ ಕೆಳಗಿನ ಹುಲ್ಲಿನಲ್ಲಿ ಹಳದಿ ಕ್ಯಾನು ಕಂಡಿತು. ಆಮೇಲೆ ತಾತ.

ಬಂದವರೇ ಅಕ್ಕನ ಕತ್ತಿಗೆ, ಕಂಕುಳಿಗೆ ನೀರು ಸುರಿದು, ಟವೆಲ್ ಬೀಸಿ, ಆಮೇಲೆ ಗುಟುಕು ಗುಟುಕಾಗಿ ಕುಡಿಸಿದರು. ಅವಳು ನನ್ನ ಹೆಸರನ್ನು ಸರಿಯಾಗಿ ಕರೆದ ಮೇಲೆಯೇ ಕೂತರು.

“ನಾವು ಇಲ್ಲಿದೀವಿ ಅಂತ ಹೇಗೆ ಗೊತ್ತಾಯ್ತು ತಾತ?”

“ಗೆರೆ ಮೇಲೆ ಎರಡು ಜೊತೆ ಕಾಲು ಹತ್ತೈತೆ, ಒಂದೂ ಇಳಿದಿಲ್ಲ. ಬಿಸಿಲು ನೆತ್ತಿಗೆ ಬಂತು. ಬರದೆ ಏನ್ ಮಾಡ್ಲಿ ಮಾರಾಯ್ತಿ? ಬೆಂಕಿ ಬಿದ್ರೆ ಮೇಲೆ ಎಷ್ಟು ಜನ ಅವ್ರೆ ಅಂತ ಗೊತ್ತಿರಬೇಕಲ್ಲ. ಅದಕ್ಕೇ ಗುಡಿಸೋದು.”

ನೋಟ್‌ಬುಕ್ ತೋರಿಸಿ, ನೀರಿದೆಯೆಂದು ಬರೆದಿತ್ತು ಎಂದೆ.

“ಹೋದ್ ವರ್ಷದ ನೀರು ಈ ವರ್ಷ ಕುಡಿಯಕ್ಕಾಯ್ತದಾ?” ಎಂದು ನಕ್ಕರು. ಬೈಯಲಿಲ್ಲ.

ಒಣಹುಲ್ಲು ಕಾಲ ಕೆಳಗೆ ಚೆಲ್ಲಿದ ರಾಗಿಯಂತೆ ಜಾರುತ್ತಿತ್ತು. ಅಕ್ಕನ ಕೈ ಹಿಡಿದು, “ಅಡ್ಡಕ್ಕೆ ಇಡವ್ವ ಪಾದ, ನೆಟ್ಟಗಲ್ಲ” ಎನ್ನುತ್ತ, ತಮ್ಮ ಆ ಹೆಬ್ಬೆರಳು ಊರಿ ಊರಿ ಇಳಿಸಿದರು. ಅಂದಿನ ಪುಟದಲ್ಲಿ ಒರತೆಯ ಕಾಲಂಗೆ ಸೊನ್ನೆ ಬರೆದು, ಪಕ್ಕದಲ್ಲಿ ಎರಡು ಹೊಸ ಕಾಲಂ ಎಳೆದೆ: ಹತ್ತಿದವರು, ಇಳಿದವರು.

ಈ ಮಾರ್ಚಿನಲ್ಲಿ ಅಕ್ಕನೇ ಹೊರಡಿಸಿದಳು. ಐದೈದು ಲೀಟರ್ ನೀರು ಹೊತ್ತಿದ್ದೆವು. ಬಸ್‌ಸ್ಟಾಪಿನ ಟೀ ಅಂಗಡಿಯಾಕೆ, “ತಾತ ಹೋಗ್ಬುಟ್ರು ಕಣಮ್ಮ, ಕಾರ್ತೀಕದಲ್ಲಿ. ಹೊಸಬ್ರು ಇನ್ನೂ ಬಂದಿಲ್ಲ” ಎಂದರು.

ಗೆರೆಯ ಮೇಲೆ ತರಗೆಲೆ ಬಿದ್ದಿತ್ತು. ಅಕ್ಕ ಕೊಂಬೆ ಮುರಿದು ಕೊಟ್ಟಳು, ನಾನು ಗುಡಿಸಿದೆ.

ನಾಲ್ಕು ಗಂಟೆಗೆ ಇಳಿದು ನೋಡಿದರೆ, ನಮ್ಮ ಹೆಜ್ಜೆಗಳ ಮೇಲೆ ದೊಡ್ಡ ಬೂಟಿನ ಗುರುತು ಮೇಲಕ್ಕೆ ಹೋಗಿತ್ತು. ಇಳಿದ ಗುರುತಿಲ್ಲ. ಇಬ್ಬರೂ ಅಲ್ಲೇ ಕೂತೆವು. ಬಸ್ಸು ಹೋಗುವುದನ್ನು ಕೂತಲ್ಲಿಂದಲೇ ನೋಡಿದೆವು.

ಐದೂ ಇಪ್ಪತ್ತಕ್ಕೆ ಬೂಟು ತೊಟ್ಟ ಅಪರಿಚಿತರೊಬ್ಬರು ಸಿಳ್ಳೆ ಹಾಕುತ್ತ ಇಳಿದು, ನಮ್ಮತ್ತ ತಲೆಯಾಡಿಸಿ, ಗೆರೆ ದಾಟಿ ಹೋದರು. ಮೂರು ಜೊತೆ ಕಾಲು ಹತ್ತಿತ್ತು, ಮೂರು ಜೊತೆಯೂ ಇಳಿಯಿತು. ಬರೆದುಕೊಂಡು ಎದ್ದೆ.